ಹೊಲಿಗೆ ಮೆಷಿನ್ನಿಗೆ ಜೀವ ಬಂದ ಲೆಕ್ಕ

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ-ಅಜ್ಜಿಯರೇ, ಈ ವಾರ ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಕಾಗದ, ಪೆನ್ಸಿಲ್ ಬೇಡ. ಬಾಯಿಲೆಕ್ಕ ಸಾಕು.

ಟಿವಿಯಲ್ಲಿ ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಓಡುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ಬೆಕ್ಕೂ ಓಡುತ್ತಿಲ್ಲ, ಇಲಿಯೂ ಓಡುತ್ತಿಲ್ಲ. ನಿಂತ ಚಿತ್ರಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವೆ, ಅಷ್ಟೇ. ನಮ್ಮ ಕಣ್ಣು ಮತ್ತು ಮಿದುಳು ಸೇರಿ ಅವನ್ನು ಹೂಮಾಲೆಯ ಹಾಗೆ ಪೋಣಿಸಿ ‘ಓಡಿತು’ ಎಂದು ತೀರ್ಮಾನ ಮಾಡಿಬಿಡುತ್ತವೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ಹಾಗಾದರೆ ಒಂದು ನಿಮಿಷಕ್ಕೆ? 1,440. ಹತ್ತು ನಿಮಿಷಕ್ಕೆ 14,400. ಇಷ್ಟನ್ನೂ ಕೈಯಲ್ಲಿ ಬರೆಯುವುದೆಂದರೆ ಬೆರಳು ಸವೆದುಹೋದೀತು. ಆದ್ದರಿಂದ ಅನಿಮೇಷನ್ ಮಾಡುವವರು ಒಂದು ಉಳಿತಾಯದ ದಾರಿ ಕಂಡುಕೊಂಡಿದ್ದಾರೆ. ಒಂದೇ ಚಿತ್ರವನ್ನು ಎರಡು ಸಲ ತೋರಿಸುತ್ತಾರೆ. ಆಗ ಸೆಕೆಂಡಿಗೆ 12 ಚಿತ್ರ ಬರೆದರೂ ನಡೆಯುತ್ತದೆ.

ಈ 12 ಎಂಬ ಸಂಖ್ಯೆಯನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಈಗೀಗ ಶಾಲೆಗಳಲ್ಲಿ ಚಾರ್ಟು, ಮಾಡೆಲ್ಲುಗಳ ಜೊತೆಗೆ ಅನಿಮೇಷನ್ ಪ್ರಾಜೆಕ್ಟನ್ನೂ ಕೊಡುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಮೊಮ್ಮಗಳಿಗೂ ಬಂತು. ವಿಷಯ ‘ಚಲನೆ’. ಒಂದು ನಿಮಿಷದ ಒಳಗಿನ ಚಿತ್ರ, ಮೂರು ವಾರದ ಗಡುವು. ಅವಳು ಮೊದಲು ರೋಬಾಟ್ ಬರೆದಳು. ರೋಬಾಟ್ ನಡೆಯಿತು, ಆದರೆ ಸೋಪಿನ ನೀರು ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಜಾರುತ್ತಾ ನಡೆಯಿತು.

“ತಾತ, ಇದಕ್ಕೆ ತೂಕಾನೇ ಇಲ್ಲ” ಎಂದು ಮುಖ ಸಣ್ಣದು ಮಾಡಿಕೊಂಡಳು.

“ನೀನು ಯಾವತ್ತಾದ್ರೂ ರೋಬಾಟನ್ನ ಮುಟ್ಟಿ ನೋಡಿದ್ದೀಯಾ?” ಅಂದೆ.

“ಇಲ್ಲ.”

“ಮತ್ತೆ ಅದು ಭಾರವೋ ಹಗುರವೋ ನಿನ್ನ ಕೈಗೆ ಹೇಗೆ ಗೊತ್ತಾಗಬೇಕು?”

ಅವಳು ಮನೆಯೆಲ್ಲ ಕಣ್ಣಾಡಿಸಿದಳು. ಮುಟ್ಟಿ ನೋಡಬಹುದಾದ, ತಿರುಗುವ, ಕುಣಿಯುವ ವಸ್ತು ಯಾವುದಿದೆ? ಫ್ರಿಜ್ಜು ಗುಂಯ್ ಎನ್ನುತ್ತದೆ, ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಮಿಕ್ಸಿ ಕಿರುಚುತ್ತದೆ, ಅದೂ ಕಾಣುವುದಿಲ್ಲ. ಮೊಬೈಲಿನ ಒಳಗಂತೂ ಕಣ್ಣಿಗೆ ಕಾಣುವ ಹಾಗೆ ತಿರುಗುವುದು ಏನೂ ಇಲ್ಲ. ಈ ಕಾಲದ ಯಂತ್ರಗಳೆಲ್ಲ ಮುಚ್ಚಿದ ಪೆಟ್ಟಿಗೆಗಳು. ಹಳೆಯ ಯಂತ್ರಗಳು ಹಾಗಲ್ಲ. ಅವಕ್ಕೆ ಗುಟ್ಟು ಎಂಬುದೇ ಇಲ್ಲ. ಕೈ ಎಲ್ಲಿ ಒತ್ತಿತು, ಅದರಿಂದ ಯಾವುದು ತಿರುಗಿತು, ತಿರುಗಿದ್ದು ಯಾವುದನ್ನು ಎಳೆಯಿತು ಎಂಬುದನ್ನೆಲ್ಲ ಎದುರಿಗೇ ತೋರಿಸುತ್ತವೆ.

ಮನೆಯ ಮೂಲೆಯಲ್ಲಿ ಅಂಥದೊಂದು ಇತ್ತು. ನಮ್ಮಾಕೆಯ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್. ಹಲವು ವರ್ಷಗಳಿಂದ ಅದರ ತಲೆಯ ಮೇಲೆ ಒಂದು ಹಳೆಯ ಸೀರೆ, ಸೀರೆಯ ಮೇಲೆ ಮನಿಪ್ಲಾಂಟಿನ ಕುಂಡ. ಮನೆಗೆ ಸುಣ್ಣಬಣ್ಣ ಮಾಡಿಸುವ ಯೋಚನೆ ಇದ್ದುದರಿಂದ “ಅಪ್ಪ, ಇದನ್ನ ಗುಜರಿಗೆ ಕೊಟ್ಟುಬಿಡೋಣ, ಜಾಗ ಆಗತ್ತೆ” ಎಂದು ಮಗ ಹೇಳಿಯಾಗಿತ್ತು. ಗುಜರಿಯವನು ತೂಕಕ್ಕೆ ಇಷ್ಟು ಎಂದು ಮಾತೂ ಆಡಿ ಹೋಗಿದ್ದ. ನಮ್ಮಾಕೆ ಬೇಡವೆಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ.

ಮೊಮ್ಮಗಳು ಕುಂಡ ಕೆಳಗಿಳಿಸಿ, ಸೀರೆ ಸರಿಸಿ ಚಕ್ರ ತಿರುಗಿಸಲು ಹೋದಳು. ಅದು ಅಲ್ಲಾಡಲಿಲ್ಲ. ಅಡುಗೆಮನೆಯಿಂದ ದನಿ ಬಂತು. “ಬಲವಂತ ಮಾಡಬೇಡ ಪುಟ್ಟಿ. ಮೊದಲು ಸೂಜಿ ತೆಗಿ. ಬೆಲ್ಟು ಬಿಚ್ಚು. ಆಮೇಲೆ ಎಣ್ಣೆ. ಒಂದೊಂದು ತೂತಿಗೂ ಒಂದೊಂದೇ ಹನಿ. ದೋಸೆ ಹೆಂಚಿಗೆ ಸುರಿದ ಹಾಗೆ ಸುರೀಬೇಡ.”

ಮೆಷಿನ್ನಿನ ಮೈಮೇಲೆ ಅಲ್ಲಲ್ಲಿ ಸಣ್ಣ ತೂತುಗಳಿರುತ್ತವೆ. ಒಳಗಿನ ಕೀಲುಗಳಿಗೆ ಎಣ್ಣೆ ಹೋಗಲೆಂದೇ ಮಾಡಿದವು. ಅಜ್ಜಿಗೆ ಅಷ್ಟೂ ತೂತುಗಳು ಬಾಯಿಪಾಠ. ಎಣ್ಣೆ ಬಿಟ್ಟು, ಒಂದು ರಾತ್ರಿ ಹಾಗೇ ಇರಲು ಬಿಟ್ಟು, ಮರುದಿನ ಮೆಲ್ಲಗೆ ಆಡಿಸಿದಾಗ ಚಕ್ರ ತಿರುಗಿತು. ಅಂದಿನಿಂದ ಆ ಮೂಲೆಯೇ ನಮ್ಮ ಮನೆಯ ಪಾಠಶಾಲೆಯಾಯಿತು.

ಮಕ್ಕಳೇ, ಹೊಲಿಗೆ ಮೆಷಿನ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಕೆಳಗಿನ ಹಲಗೆಯನ್ನು ಪಾದ ಹಿಂದೆ ಮುಂದೆ ತುಳಿಯುತ್ತದೆ. ಆ ತುಳಿತವನ್ನು ಒಂದು ಕಂಬಿ ದೊಡ್ಡ ಚಕ್ರಕ್ಕೆ ಮುಟ್ಟಿಸಿ ತಿರುಗಣೆಯಾಗಿ ಮಾಡುತ್ತದೆ. ದೊಡ್ಡ ಚಕ್ರದಿಂದ ಚರ್ಮದ ಬೆಲ್ಟು ಮೇಲಿನ ಸಣ್ಣ ಚಕ್ರಕ್ಕೆ ಹೋಗುತ್ತದೆ. ದೊಡ್ಡದರ ಸುತ್ತಳತೆ ಸಣ್ಣದರ ನಾಲ್ಕರಷ್ಟಿದ್ದರೆ, ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣದು ನಾಲ್ಕು ಸುತ್ತು ಹೊಡೆಯುತ್ತದೆ. ಸಣ್ಣ ಚಕ್ರದ ಒಂದು ಸುತ್ತಿಗೆ ಸೂಜಿ ಒಮ್ಮೆ ಇಳಿದು ಒಮ್ಮೆ ಏರುತ್ತದೆ, ಅಂದರೆ ಒಂದು ಹೊಲಿಗೆ. ಹೀಗೆ ಒಂದು ತುಳಿತಕ್ಕೆ ನಾಲ್ಕು ಹೊಲಿಗೆ. ಬ್ಯಾಂಕಿನಲ್ಲಿ ಇಂಥ ಬಡ್ಡಿ ಕೊಡುವ ಯೋಜನೆ ನಾನಂತೂ ಕಂಡಿಲ್ಲ.

ಈಗ ಆ 12ನ್ನು ಹೊರಗೆ ತೆಗೆಯಿರಿ. ಮೊಮ್ಮಗಳು ಸಣ್ಣ ಚಕ್ರದ ಅಂಚಿನಲ್ಲಿ ಗಡಿಯಾರದ ಮುಖದ ಹಾಗೆ 12 ಕಡೆ ಸೀಮೆಸುಣ್ಣದ ಗುರುತು ಹಾಕಿದಳು. ಒಂದು ಗುರುತಿನಿಂದ ಇನ್ನೊಂದಕ್ಕೆ ತಿರುಗಿಸುವುದು, ಕೈ ತೆಗೆಯುವುದು, ಫೋಟೋ ತೆಗೆಯುವುದು. 12 ಫೋಟೋ ಆದರೆ ಒಂದು ಹೊಲಿಗೆ, ಒಂದು ಸೆಕೆಂಡು. ವಸ್ತುವನ್ನು ಹೀಗೆ ಸ್ವಲ್ಪ ಸ್ವಲ್ಪವೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸುವುದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ನಮ್ಮ ದೇಶಕ್ಕೆ ಇದು ಹೊಸದೇನಲ್ಲ. ‘ರಾಜಾ ಹರಿಶ್ಚಂದ್ರ’ ತೆಗೆಯುವ ಮೊದಲೇ, 1912ರಲ್ಲಿ, ದಾದಾಸಾಹೇಬ್ ಫಾಲ್ಕೆಯವರು ಬಟಾಣಿ ಗಿಡ ಬೆಳೆಯುವುದನ್ನು ಒಂದೊಂದೇ ಚಿತ್ರವಾಗಿ ಹಿಡಿದು, ಮೊಳಕೆ ಕಣ್ಣೆದುರಿಗೇ ಬಳ್ಳಿಯಾಗುವಂತೆ ತೋರಿಸಿದ್ದರು. ಮುಂದೆ ಬೆಂಕಿಕಡ್ಡಿಗಳನ್ನೂ ಹೀಗೆಯೇ ಕುಣಿಸಿದರು.

ಮೊದಲ 12 ಫೋಟೋಗಳನ್ನು ಜೋಡಿಸಿ ನೋಡಿದಾಗ ಒಂದು ಸೋಜಿಗ ಕಂಡಿತು. ಚಕ್ರವನ್ನು ಅವಳು ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಿರುಗಿಸಿದ್ದಳು. ಆದರೆ ಸೂಜಿ ಕಚ್ಚುವ ಕಂಬಿ ಒಂದೇ ಅಳತೆಯಲ್ಲಿ ಇಳಿದಿರಲಿಲ್ಲ. ಮೇಲೆ ನಿಧಾನ, ನಡುವೆ ಜೋರು, ಕೆಳಗೆ ಮತ್ತೆ ನಿಧಾನ.

“ತಾತ, ಇದು ಮೋಸ ಮಾಡ್ತಿದೆ!”

ಮೋಸವಲ್ಲ, ಗಣಿತ. ಕಂಬಿ ಮೇಲಿನಿಂದ ಕೆಳಗೆ ಒಟ್ಟು 30 ಮಿಲಿಮೀಟರ್ ಇಳಿಯುತ್ತದೆ ಎಂದುಕೊಳ್ಳಿ. ಅರ್ಧ ಸುತ್ತಿಗೆ ಆರು ಗುರುತು. ಲೆಕ್ಕ ಹಾಕಿದರೆ ಮೊದಲ ಗುರುತಿಗೆ ಇಳಿಯುವುದು ಸುಮಾರು 2 ಮಿಲಿಮೀಟರ್, ಎರಡನೆಯದಕ್ಕೆ ಐದೂವರೆ, ಮೂರನೆಯದಕ್ಕೆ ಏಳೂವರೆ, ನಾಲ್ಕನೆಯದಕ್ಕೆ ಏಳೂವರೆ, ಐದಕ್ಕೆ ಐದೂವರೆ, ಆರಕ್ಕೆ ಮತ್ತೆ 2. ಕೂಡಿಸಿ ನೋಡಿ, 30 ಸರಿಯಾಗಿ ಬರುತ್ತದೆ. ದುಂಡಗೆ ತಿರುಗುವುದನ್ನು ನೆಟ್ಟಗೆ ಏರಿಳಿಯುವಂತೆ ಮಾಡಿದಾಗ ಹೀಗಾಗುತ್ತದೆ. ಜೋಕಾಲಿಯಲ್ಲಿ ಕೂತು ಜೀಕಿದವರಿಗೆ ಇದು ಮೈಯಲ್ಲೇ ಗೊತ್ತು. ತುದಿಯಲ್ಲಿ ಒಂದು ಗಳಿಗೆ ತೇಲಿದ ಹಾಗೆ ನಿಲ್ಲುತ್ತೇವೆ, ನಡುವೆ ಗಾಳಿ ಸೀಳಿಕೊಂಡು ಬರುತ್ತೇವೆ.

ಅನಿಮೇಷನ್ ಕಲಿಯುವವರಿಗೆ ಇದೊಂದು ದೊಡ್ಡ ಪಾಠ. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರಗಳನ್ನು ಕೊಟ್ಟಿದ್ದಾರೆ. ನಿಧಾನವಾಗಿ ಹೊರಟು, ನಡುವೆ ವೇಗ ಹಿಡಿದು, ನಿಧಾನವಾಗಿ ನಿಲ್ಲುವುದು ಅವುಗಳಲ್ಲಿ ಒಂದು. ಮೊಮ್ಮಗಳ ರೋಬಾಟು ಜಾರುತ್ತಿದ್ದುದಕ್ಕೆ ಕಾರಣ ಈಗ ಸಿಕ್ಕಿತು. ಅದು ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಸಾಗುತ್ತಿತ್ತು. ತೂಕವಿರುವ ವಸ್ತು ಹಾಗೆ ಸಾಗುವುದಿಲ್ಲ.

ಇನ್ನೊಂದು ಗುಟ್ಟು ಸೂಜಿಯ ಕೆಳಗಿತ್ತು. ಅಲ್ಲಿನ ತಗಡಿನ ಸೀಳುಗಳಲ್ಲಿ ಸಣ್ಣ ಉಕ್ಕಿನ ಹಲ್ಲುಗಳಿವೆ. ಸೂಜಿ ಮೇಲಿದ್ದಾಗ ಹಲ್ಲುಗಳು ಮೇಲೇಳುತ್ತವೆ, ಬಟ್ಟೆಯನ್ನು ಮುಂದೆ ತಳ್ಳುತ್ತವೆ, ಕೆಳಗಿಳಿಯುತ್ತವೆ, ಹಿಂದಕ್ಕೆ ಬರುತ್ತವೆ. ನಾಲ್ಕು ಹೆಜ್ಜೆ. ಮೇಲೆ, ಮುಂದೆ, ಕೆಳಗೆ, ಹಿಂದೆ. ನಿಮ್ಮ ಅಂಗೈಯನ್ನು ಮೇಜಿನ ಮೇಲೆ ಹಾಗೆ ಆಡಿಸಿ ನೋಡಿ, ತಕ್ಷಣ ಅರ್ಥವಾಗುತ್ತದೆ. ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಮಾತ್ರ ಬಟ್ಟೆ ಅಲ್ಲಾಡಬಾರದು. ಅಲ್ಲಾಡಿದರೆ ಸೂಜಿ ಮುರಿಯುತ್ತದೆ. ಆದ್ದರಿಂದ ಬಟ್ಟೆ ಸರಿಯುತ್ತದೆ, ನಿಲ್ಲುತ್ತದೆ. ಸರಿಯುತ್ತದೆ, ನಿಲ್ಲುತ್ತದೆ. ಈ ನಾಲ್ಕು ಹೆಜ್ಜೆಯ ಉಪಾಯಕ್ಕೆ ಅಮೆರಿಕದ ಅಲೆನ್ ವಿಲ್ಸನ್ ಎಂಬಾತ 1854ರಲ್ಲಿ ಪೇಟೆಂಟ್ ಪಡೆದ.

ಇದಕ್ಕೂ ಸಿನಿಮಾಕ್ಕೂ ಏನು ಸಂಬಂಧ ಎನ್ನುತ್ತೀರಾ? ಇದೆ, ಬಹಳ ಹತ್ತಿರದ ಸಂಬಂಧ.

1890ರ ದಶಕದಲ್ಲಿ ಅಮೆರಿಕದ ಎಡಿಸನ್ ಕಂಪನಿಯ ಒಂದು ಪೆಟ್ಟಿಗೆ ಬಂದಿತ್ತು. ಕಿಂಡಿಯಲ್ಲಿ ಕಣ್ಣಿಟ್ಟರೆ ಒಳಗೆ ಚಿತ್ರ ಓಡುತ್ತಿತ್ತು. ಆದರೆ ಒಂದು ಸಲಕ್ಕೆ ಒಬ್ಬರೇ ನೋಡಬೇಕು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಫೋಟೋ ಸಾಮಗ್ರಿಯ ಕಾರ್ಖಾನೆ ನಡೆಸುತ್ತಿದ್ದ ಲೂಮಿಯೇರ್ ಕುಟುಂಬಕ್ಕೆ ಅದನ್ನು ಪರದೆಯ ಮೇಲೆ ತೋರಿಸುವ ಆಸೆ. ತೊಡಕು ಎಲ್ಲಿತ್ತೆಂದರೆ, ಫಿಲ್ಮಿನ ಸುರುಳಿ ಸುಮ್ಮನೆ ಓಡುತ್ತಲೇ ಇದ್ದರೆ ಪರದೆಯ ಮೇಲೆ ಚಿತ್ರ ಕಲಸಿಹೋಗುತ್ತದೆ. ಪ್ರತಿ ಚಿತ್ರವೂ ಬೆಳಕಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಆಮೇಲೆ ಬೆಳಕು ಮುಚ್ಚಿರುವಾಗ ಮುಂದಿನ ಚಿತ್ರ ಬಂದು ಕೂರಬೇಕು. ತಮ್ಮ ಲೂಯಿಗೆ ಮೈ ಹುಷಾರಿಲ್ಲದೆ ನಿದ್ದೆ ಬಾರದ ಒಂದು ರಾತ್ರಿ ದಾರಿ ಹೊಳೆಯಿತೆಂದು ಅಣ್ಣ ಆಗುಸ್ಟ್ ನೆನಪಿಸಿಕೊಂಡಿದ್ದಾರೆ. ಹೊಳೆದದ್ದು ಏನು? ಹೊಲಿಗೆ ಮೆಷಿನ್ನು ಬಟ್ಟೆಯನ್ನು ಸರಿಸಿ ನಿಲ್ಲಿಸುವ ರೀತಿ. ಫಿಲ್ಮಿನ ಅಂಚಿನ ತೂತುಗಳಿಗೆ ಎರಡು ಮೊಳೆ ಚುಚ್ಚುವುದು, ಕೆಳಕ್ಕೆ ಎಳೆಯುವುದು, ಮೊಳೆ ಹೊರಕ್ಕೆ ಬರುವುದು, ಮತ್ತೆ ಮೇಲಕ್ಕೆ ಹೋಗುವುದು. ಎಣಿಸಿ ನೋಡಿ, ಅದೇ ನಾಲ್ಕು ಹೆಜ್ಜೆ! ಸೂಜಿಯ ಜಾಗದಲ್ಲಿ ಬೆಳಕು, ಬಟ್ಟೆಯ ಜಾಗದಲ್ಲಿ ಫಿಲ್ಮು.

ಆ ಯಂತ್ರಕ್ಕೆ 1895ರ ಫೆಬ್ರವರಿಯಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ಜನ ದುಡ್ಡು ಕೊಟ್ಟು ಸಿನಿಮಾ ನೋಡಿದರು. ಸೆಕೆಂಡಿಗೆ ಸುಮಾರು 16 ಚಿತ್ರ, ಕೈಯಲ್ಲಿ ಹಿಡಿಕೆ ತಿರುಗಿಸಿ. ಆರೇ ತಿಂಗಳಲ್ಲಿ, 1896ರ ಜುಲೈ 7ರಂದು, ಮುಂಬೈಯ ವಾಟ್ಸನ್ ಹೋಟೆಲಿಗೂ ಆ ಪ್ರದರ್ಶನ ಬಂತು. ಇನ್ನೂ ಒಂದು ಸಂಗತಿ ಮಕ್ಕಳಿಗೆ ಇಷ್ಟವಾಗಬಹುದು. ಲೂಮಿಯೇರ್ ಸೋದರರಿಗಿಂತ ಮೂರು ವರ್ಷ ಮೊದಲೇ, 1892ರಲ್ಲಿ, ಎಮಿಲ್ ರೇನೋ ಎಂಬಾತ ಕೈಯಿಂದ ಬರೆದ ಬಣ್ಣದ ಚಿತ್ರಗಳ ಪಟ್ಟಿಯನ್ನು ತನ್ನದೇ ಯಂತ್ರದಲ್ಲಿ ತಿರುಗಿಸಿ ಪ್ಯಾರಿಸ್ಸಿನ ಜನರಿಗೆ ತೋರಿಸುತ್ತಿದ್ದ. ಅಂದರೆ ಬರೆದ ಚಿತ್ರಗಳೇ ಫೋಟೋ ಸಿನಿಮಾಕ್ಕಿಂತ ಮೊದಲು ಪರದೆ ಏರಿದವು. ಅನಿಮೇಷನ್ನು ಸಿನಿಮಾದ ತಮ್ಮನಲ್ಲ, ಅಣ್ಣ.

ಲಿಯಾನ್ ನಗರದ ಹೆಸರು ಬಂದದ್ದಕ್ಕೆ ಅಲ್ಲಿನವನೇ ಆದ ಇನ್ನೊಬ್ಬನನ್ನೂ ನೆನೆಯಬೇಕು. ಅವನ ಹೆಸರು ಜಕಾರ್ಡ್. ಲಿಯಾನ್ ರೇಷ್ಮೆ ನೇಯುವವರ ಊರು. 1804ರಲ್ಲಿ ಅವನು ಮಗ್ಗದ ಮೇಲೆ ಕೂರಿಸುವ ಒಂದು ಯಂತ್ರ ಮಾಡಿದ. ರಟ್ಟಿನ ತುಂಡುಗಳಲ್ಲಿ ತೂತು ಹೊಡೆದು ಸರದ ಹಾಗೆ ಕಟ್ಟುತ್ತಾರೆ. ತೂತು ಇರುವ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ರಟ್ಟಿಗೆ ಒಂದು ಸಾಲು. ಸಾಲಿನ ಮೇಲೆ ಸಾಲು ಸೇರಿ ಬಟ್ಟೆಯಲ್ಲಿ ಹೂವು, ಹಂಸ ಮೂಡುತ್ತವೆ. ನಮ್ಮ ದೊಡ್ಡಬಳ್ಳಾಪುರದ ಮಗ್ಗಗಳ ಮೇಲೂ ಜಕಾರ್ಡ್ ಏರಿದೆ. ನಿಮ್ಮ ಅಜ್ಜಿಯ ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲಿದ್ದರೆ, ಅದರ ಹಿಂದೆ ಇಂಥ ತೂತುರಟ್ಟಿನ ಸರ ಇದ್ದೀತು. ಇಂಗ್ಲೆಂಡಿನ ಚಾರ್ಲ್ಸ್ ಬಾಬೇಜ್ ತಾನು ಯೋಜಿಸಿದ ಲೆಕ್ಕದ ಯಂತ್ರಕ್ಕೆ ಈ ತೂತುರಟ್ಟನ್ನೇ ಆರಿಸಿಕೊಂಡ. ಹೂವು ನೇಯುವ ಮಗ್ಗದ ಹಾಗೆ ಇದು ಗಣಿತ ನೇಯುತ್ತದೆ ಎಂಬ ಅರ್ಥದ ಮಾತನ್ನು ಏಡಾ ಲವ್‌ಲೇಸ್ 1843ರಲ್ಲೇ ಬರೆದಳು. ಇಂದು ಅನಿಮೇಷನ್ ಮಾಡುವ ಕಂಪ್ಯೂಟರು ಕೂಡ ಇದೆ–ಇಲ್ಲ, ಇದೆ–ಇಲ್ಲ ಎಂಬ ಅದೇ ಭಾಷೆಯಲ್ಲಿ ಯೋಚಿಸುತ್ತದೆ.

ಸರಿ, ಯಂತ್ರದ ಚಲನೆ ತಿಳಿಯಿತು. ಅಷ್ಟಕ್ಕೇ ಕಥೆಯಾಗುವುದಿಲ್ಲ. ಅದಕ್ಕೊಂದು ಸ್ವಭಾವ ಬೇಕು. ಮೆಷಿನ್ನಿಗೆ ಕಣ್ಣು, ಬಾಯಿ ಅಂಟಿಸಲೇ ಎಂದು ಮೊಮ್ಮಗಳು ಕೇಳಿದಳು. ಆಗ ಇಬ್ಬರೂ ಕೂತು ಒಂದು ಹಳೆಯ ಚಿತ್ರ ನೋಡಿದೆವು. 1986ರಲ್ಲಿ ಪಿಕ್ಸಾರ್ ಕಂಪನಿಯ ಜಾನ್ ಲ್ಯಾಸೆಟರ್ ಮಾಡಿದ್ದು, ಎರಡೇ ನಿಮಿಷದ್ದು. ತನ್ನ ಮೇಜಿನ ಮೇಲಿದ್ದ ದೀಪವನ್ನೇ ನೋಡಿ ಅವರು ಪಾತ್ರ ಮಾಡಿದ್ದರು. ಒಂದು ದೊಡ್ಡ ದೀಪ, ಒಂದು ಮರಿ ದೀಪ, ಒಂದು ಚೆಂಡು. ದೀಪಗಳಿಗೆ ಕಣ್ಣಿಲ್ಲ, ಬಾಯಿಲ್ಲ, ಒಂದು ಮಾತೂ ಇಲ್ಲ. ಆದರೂ ಯಾರು ದೊಡ್ಡವರು, ಯಾರು ತುಂಟ ಮಗು, ಯಾವಾಗ ಮಗುವಿಗೆ ಬೇಜಾರಾಯಿತು ಎಂಬುದು ಪುಟ್ಟ ಮಕ್ಕಳಿಗೂ ಗೊತ್ತಾಗುತ್ತದೆ. ಬಾಗುವ ರೀತಿ, ನಿಲ್ಲುವ ರೀತಿ, ಕುಪ್ಪಳಿಸುವ ರೀತಿಯಲ್ಲೇ ಎಲ್ಲವೂ ಇದೆ.

ಹಾಗಾದರೆ ನಮ್ಮ ಮೆಷಿನ್ನಿನ ಸ್ವಭಾವ ಏನು? ಇದನ್ನು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದರು. ಮೊಮ್ಮಗಳು ನೋಟ್‌ಬುಕ್ ಹಿಡಿದು ಅಜ್ಜಿಯ ಮುಂದೆ ಕೂತಳು.

“ಅದಾ? ಸ್ವಲ್ಪ ಮುಂಗೋಪಿ. ಬೆಳಿಗ್ಗೆ ಶುರು ಮಾಡುವಾಗ ಗೊಣಗಾಡತ್ತೆ. ನಾಲ್ಕು ಸಲ ತುಳಿದ ಮೇಲೆ ಒಲಿಯತ್ತೆ. ದಪ್ಪ ಬಟ್ಟೆ ಬಂದರೆ ಉಸಿರು ಕಟ್ಟಿದ ಹಾಗೆ ನಿಲ್ಲತ್ತೆ, ಆಗ ಕೈಯಲ್ಲಿ ಚಕ್ರ ಒಂದು ಸುತ್ತು ಕೊಡಬೇಕು. ಮಳೆಗಾಲದಲ್ಲಿ ಬೆಲ್ಟು ಸಡಿಲ. ದಾರ ಬಿಗಿಯಾದ್ರೆ ತಕರಾರು, ಸಡಿಲವಾದ್ರೂ ತಕರಾರು.” ಹೀಗೆ ಒಂದು ಗಂಟೆ. ಮಾತಿಗೆ ಮಾತು ಬೆಳೆದು, ಅಜ್ಜಿ ಕಪಾಟಿನಿಂದ ಒಂದು ಉದ್ದ ಪುಸ್ತಕ ತೆಗೆದಳು. ಬೀದಿಯ ಎಷ್ಟೋ ಮನೆಗಳ ಹೆಂಗಸರ ರವಿಕೆ ಅಳತೆ ಅದರಲ್ಲಿತ್ತು. ಪಕ್ಕದಲ್ಲಿ ಕೂಲಿ ಬಂದದ್ದು, ಬಾಕಿ ಇದ್ದದ್ದು. ಒಬ್ಬ ಗುಮಾಸ್ತನ ಸಂಬಳ ತಿಂಗಳ ಕೊನೆಯ ವಾರಕ್ಕೆ ಸಾಲದಿದ್ದ ಕಾಲದಲ್ಲಿ ಮನೆಯ ಹಾಲು, ತರಕಾರಿ, ಮಗನ ಶಾಲೆಯ ಫೀಸು ಆ ಪುಸ್ತಕದಿಂದ ನಡೆದದ್ದು ನನಗೆ ಗೊತ್ತಿತ್ತು. ಮಗನಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಮೊಮ್ಮಗಳಿಗಂತೂ ಅಜ್ಜಿ ಒಂದು ಕಾಲದಲ್ಲಿ ಸಂಪಾದಿಸುತ್ತಿದ್ದಳು ಎಂಬುದೇ ಹೊಸ ಸುದ್ದಿ. ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಏನೂ ಮಾತಾಡಲಿಲ್ಲ. ಗುಜರಿಯವನಿಗೆ ಫೋನ್ ಮಾಡಿ ಹಳೆಯ ಪೇಪರು ಮಾತ್ರ ಸಾಕು ಎಂದ.

ಕಥೆ ತಾನಾಗಿ ಹುಟ್ಟಿತು. ಮೂಲೆಯಲ್ಲಿ ಒಂದು ಮುಂಗೋಪಿ ಮುದುಕಿ ಮೆಷಿನ್. ಅದರ ಕಾಲ ಬಳಿಗೆ ಪಟ್ಟಿ ಕಿತ್ತುಹೋದ ಒಂದು ಸ್ಕೂಲ್ ಬ್ಯಾಗು ತೆವಳಿಕೊಂಡು ಬರುತ್ತದೆ. ಮೆಷಿನ್ ಅಲ್ಲಾಡುವುದಿಲ್ಲ. ಕೊಕ್ಕರೆಯ ಕೊಕ್ಕಿನಂಥ ಮೂತಿಯ ಎಣ್ಣೆ ಡಬ್ಬಿ ಬಂದು ತಲೆ ಬಾಗಿಸಿ ಒಂದು ಹನಿ ಬಿಡುತ್ತದೆ. ಮೆಷಿನ್ ಗೊಣಗುತ್ತಾ ಮೈ ಮುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಪಟ್ಟಿ ಕೂಡಿಕೊಳ್ಳುತ್ತದೆ. ಅಷ್ಟೇ.

ಒಟ್ಟು 40 ಸೆಕೆಂಡು. 40ನ್ನು 12ರಿಂದ ಗುಣಿಸಿದರೆ 480 ಫೋಟೋ. ಬರೀ ಚಕ್ರ ತಿರುಗುವ ದೃಶ್ಯಕ್ಕೆ ಮಾತ್ರ 12 ಫೋಟೋಗಳನ್ನೇ ಮತ್ತೆ ಮತ್ತೆ ಬಳಸಬಹುದು. ಹಾಗೆ 8 ಸೆಕೆಂಡು ತೋರಿಸಿದ್ದರಿಂದ 96ರ ಬದಲು 12 ಸಾಕಾಗಿ, 84 ಫೋಟೋ ಉಳಿತಾಯವಾಯಿತು.

ಮಾಡಲು ಆಸೆಪಡುವವರಿಗೆ ಕೆಲವು ಎಚ್ಚರಿಕೆಗಳು. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ. ಪುಸ್ತಕಗಳ ನಡುವೆ ಸಿಕ್ಕಿಸಿ ಅಲ್ಲಾಡದಂತೆ ನಿಲ್ಲಿಸಿ. ಕಿಟಕಿಯ ಪರದೆ ಎಳೆದು ಒಂದೇ ದೀಪದ ಬೆಳಕಿನಲ್ಲಿ ತೆಗೆಯಿರಿ. ಇಲ್ಲದಿದ್ದರೆ ಬಿಸಿಲು, ಮೋಡ ಬದಲಾದಂತೆ ಚಿತ್ರ ಮಿಣುಕುತ್ತದೆ. ಹಗುರವಾದ ಸಾಮಾನುಗಳನ್ನು ಜೇಡಿಮಣ್ಣಿನ ಉಂಡೆಯಿಂದ ನಿಲ್ಲಿಸಿಕೊಳ್ಳಿ. ಸೂಜಿ ತೆಗೆದು, ಬೆಲ್ಟು ಬಿಚ್ಚಿ, ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರುವಾಗಲೇ ಯಂತ್ರ ಮುಟ್ಟಿ. ಕರೆಂಟಿನಿಂದ ಓಡುವ ಹಳೆಯ ಯಂತ್ರಗಳ ಸಹವಾಸ ಬೇಡವೇ ಬೇಡ.

ಸದ್ದನ್ನು ಮರೆಯಬೇಡಿ. ಹಳೆಯ ಯಂತ್ರಗಳ ಸದ್ದಿನಲ್ಲೇ ಅರ್ಧ ಕಥೆ ಇರುತ್ತದೆ. ನಮ್ಮ ಬ್ಯಾಂಕಿನಲ್ಲಿ ಫ್ಯಾಸಿಟ್ ಎಂಬ ಸ್ವೀಡನ್ ದೇಶದ ಲೆಕ್ಕದ ಯಂತ್ರ ಇತ್ತು. ಪಕ್ಕದಲ್ಲಿ ಹಿಡಿಕೆ. ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. 23ನ್ನು 14ರಿಂದ ಗುಣಿಸಬೇಕೆಂದರೆ 23 ಇಟ್ಟು ನಾಲ್ಕು ಸುತ್ತು, ಒಂದು ಮನೆ ಸರಿಸಿ ಒಂದು ಸುತ್ತು. ಐದೇ ಸುತ್ತಿಗೆ 322. ಇರುವುದಕ್ಕಿಂತ ಹೆಚ್ಚು ಕಳೆದರೆ ‘ಟಿಣ್’ ಎಂದು ಗಂಟೆ. ಲೆಡ್ಜರಿನಲ್ಲಿ ಮುಖ ಹುದುಗಿಸಿ ಕೂತಿದ್ದರೂ ಹಿಡಿಕೆಯ ಸದ್ದು ಕೇಳಿಯೇ ಕೂಡುತ್ತಿದ್ದಾರೋ ಗುಣಿಸುತ್ತಿದ್ದಾರೋ ಹೇಳಬಹುದಿತ್ತು. ಹೊಲಿಗೆ ಮೆಷಿನ್ನಿಗೂ ಹಾಗೆಯೇ ತನ್ನದೊಂದು ದನಿ. ಚಿತ್ರಕ್ಕೆ ಸದ್ದು ಬೇಕಾದಾಗ ಅಜ್ಜಿಯೇ ಬೆಲ್ಟು ಏರಿಸಿ, ಸೂಜಿ ಸಿಕ್ಕಿಸಿ, ಕೂತು ತುಳಿದಳು. ಮೊಮ್ಮಗಳು ರೆಕಾರ್ಡ್ ಮಾಡಿಕೊಂಡಳು. ಬ್ಯಾಗಿನ ಪಟ್ಟಿಯೂ ನಿಜವಾಗಿ ಹೊಲಿಸಿಕೊಂಡಿತು.

ಶಾಲೆಯಲ್ಲಿ ಬಹುಮಾನ ಬಂತೇ ಎಂದು ಕೇಳುವವರಿದ್ದೀರಿ. ಬರಲಿಲ್ಲ. ಬಹುಮಾನ ಹೋದದ್ದು ಒಂದು ಚಂದದ ರೈಲಿನ ಚಿತ್ರಕ್ಕೆ. ಆದರೆ ಚಿತ್ರ ಮುಗಿದ ಮೇಲೆ ನಾಲ್ಕಾರು ಮಕ್ಕಳು ಬಂದು “ಆ ಮೆಷಿನ್ ನಿಜವಾಗ್ಲೂ ಇದೆಯಾ? ನಾವು ತಿರುಗಿಸಬಹುದಾ?” ಎಂದು ಕೇಳಿದರಂತೆ. ಆ ಭಾನುವಾರ ನಮ್ಮ ಮನೆಯಲ್ಲಿ ಅಜ್ಜಿಗೆ ಐದು ಜನ ಶಿಷ್ಯರು.

ಮಕ್ಕಳೇ, ನಿಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ ಇಲ್ಲದಿದ್ದರೆ ಬೇರೆ ಏನಾದರೂ ಸಿಗುತ್ತದೆ. ಕೀ ಕೊಡುವ ಗೋಡೆ ಗಡಿಯಾರ, ಟೈಪ್‌ರೈಟರ್, ಶಾವಿಗೆ ಒರಳು, ಕಬ್ಬಿನ ಗಾಣ, ಸೈಕಲ್ಲಿನ ಚೈನು. ಊರಿನಲ್ಲಿ ಹಳೆಯ ಅಚ್ಚುಕೂಟವೋ ಮಗ್ಗವೋ ಇದ್ದರೆ ಕೇಳಿಕೊಂಡು ಹೋಗಿ ನೋಡಿ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಉಗಿಬಂಡಿಗಳ ಚಕ್ರಗಳನ್ನು ಕೂಡಿಸುವ ಉದ್ದನೆಯ ಸರಳುಗಳನ್ನು ಹತ್ತಿರದಿಂದ ನೋಡಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಗುಂಡಿ ಒತ್ತಿ ಯಂತ್ರಗಳ ಕೆಲಸವನ್ನು ನೋಡಬಹುದು. ಯಾವುದನ್ನೇ ನೋಡಿ, ಮೂರು ಪ್ರಶ್ನೆ ಬರೆದುಕೊಳ್ಳಿ. ಬಲ ಎಲ್ಲಿಂದ ಹೊರಟಿತು? ಎಲ್ಲಿ ನಿಧಾನ, ಎಲ್ಲಿ ಜೋರು, ಎಲ್ಲಿ ನಿಂತಿತು? ಇದು ಮನುಷ್ಯರಾಗಿದ್ದರೆ ಯಾರ ಹಾಗೆ ಇರುತ್ತಿತ್ತು?

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಮಕ್ಕಳು ಕೇಳಿದಾಗ ‘ಅದೆಲ್ಲ ಹಳೇ ಕಾಲದ್ದು, ಈಗ ಯಾಕೆ’ ಎನ್ನಬೇಡಿ. ಆ ಯಂತ್ರ ಎಲ್ಲಿ ಮುನಿಯುತ್ತದೆ, ಎಲ್ಲಿ ಒಲಿಯುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ನಿಮ್ಮ ಕೈಯಲ್ಲಿದೆ. ಗುಜರಿಗೆ ಹಾಕಲೇಬೇಕಾದರೆ ಹಾಕಿ, ಎಲ್ಲರ ಮನೆಯಲ್ಲೂ ಜಾಗ ಇರುವುದಿಲ್ಲ. ಆದರೆ ಕೊಡುವ ಮೊದಲು ಒಂದು ಭಾನುವಾರ ಮಕ್ಕಳ ಕೈಯಲ್ಲಿ ಅದನ್ನು ತಿರುಗಿಸಿ. ನೀವೇ ಮಾಡಿ ತೋರಿಸುವ ಅವಸರ ಬೇಡ. ಚಕ್ರದ ಮೇಲೆ ಅವರ ಕೈ ಇರಲಿ, ಪಕ್ಕದಲ್ಲಿ ನಿಮ್ಮ ಮಾತಿರಲಿ.

ಮತ್ತೆ ಮಕ್ಕಳೇ, ಚಿತ್ರ ಮುಗಿದ ಮೇಲೆ ಕೊನೆಯಲ್ಲಿ ಹೆಸರು ಹಾಕುತ್ತೀರಲ್ಲ, ಅಲ್ಲಿ ನಿಮ್ಮ ಹೆಸರಿನ ಜೊತೆಗೆ ಆ ಯಂತ್ರವನ್ನು ಇಷ್ಟು ವರ್ಷ ಓಡಿಸಿದವರ ಹೆಸರನ್ನೂ ಬರೆಯಿರಿ. 12 ಚಿತ್ರ ಹೆಚ್ಚಿಗೆ ಆದರೂ ಚಿಂತೆಯಿಲ್ಲ, ಒಂದು ಸೆಕೆಂಡಿನ ಖರ್ಚು ಅಷ್ಟೇ.